‘ಜಲಾಶ್ವ’: ರೇವಿಲ್ಲದ ದಡಕ್ಕೆ ಹೋಗುವ ಹಡಗು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಉತ್ಸವದ ಸಭೆಗಳಲ್ಲಿ ನಾಡುನುಡಿಯ ಹಿರಿಮೆಯನ್ನೋ ದಾಸರ ವಾಣಿಯನ್ನೋ ಕುರಿತು ಮಾತನಾಡುವುದು ರೂಢಿ. ಆ ವಿಷಯಗಳನ್ನು ನನಗಿಂತ ಬಲ್ಲವರು ಈ ವೇದಿಕೆಯಲ್ಲಿಯೇ ಇದ್ದಾರೆ. ನಾನು ಇಂದು ಒಂದು ಯುದ್ಧನೌಕೆಯ ವಿಚಾರವಾಗಿ ನಾಲ್ಕು ಮಾತು ಅರಿಕೆಮಾಡಿಕೊಳ್ಳಬೇಕೆಂದಿದ್ದೇನೆ. ‘ಕಡಲನ್ನೇ ಕಾಣದವರಿಗೆ ಹಡಗಿನ ಪುರಾಣವೇಕೆ?’ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ನಾರಾಯಣಪೇಟೆ, ಮಕ್ತಲ, ಗದ್ವಾಲ ಈ ನಮ್ಮ ಮೂರು ಊರುಗಳಲ್ಲಿ ಯಾವುದರಿಂದ ಹೊರಟರೂ ಸಮುದ್ರವು ನೂರಾರು ಕಿಲೋಮೀಟರು ದೂರ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ನಾವು ಕಡಲನ್ನು ಕಾಣದಿದ್ದರೂ ಕೃಷ್ಣೆಯನ್ನು ಕಂಡವರು. ತಂಗಡಿಯ ಬಳಿ ಭೀಮೆಯು ಬಂದು ಕೃಷ್ಣೆಯನ್ನು ಕೂಡುವುದನ್ನು ಕಂಡವರು. ಪಂಚದೇವಪಹಾಡದ ಕಡೆಯಿಂದ ಕುರುವಪುರದ ನಡುಗಡ್ಡೆಗೆ ಹರಿಗೋಲಿನಲ್ಲಿ ದಾಟಿದವರು. ನಾನು ಹೇಳಲಿರುವ ಹಡಗು ಬಿಡಿಸಿದ ಒಗಟು ಯಾವುದೋ, ಅದನ್ನೇ ನಮ್ಮ ಹರಿಗೋಲಿನವನೂ ತನ್ನ ಅಳತೆಯಲ್ಲಿ ಬಿಡಿಸಿದ್ದಾನೆ. ಎರಡನೆಯದು, ಗಡಿಯಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಮತ್ತೆ ಮತ್ತೆ ಕೇಳುವ ಮಾತೊಂದಿದೆ: ‘ಕಥೆ ಪದ್ಯಗಳಿಗೆ ಕನ್ನಡ ಸಾಕು, ಯಂತ್ರ, ವಿಜ್ಞಾನಗಳ ಭಾರವನ್ನು ಅದು ಹೊರಲಾರದು.’ ಈ ಮಾತಿಗೆ ವಾದದಿಂದ ಉತ್ತರ ಕೊಟ್ಟರೆ ಪ್ರಯೋಜನ ಕಡಮೆ. ಹದಿನೇಳು ಸಾವಿರ ಟನ್ನಿನ ಭಾರವೊಂದನ್ನು ಕನ್ನಡದ ಮೇಲೆ ಹೊರಿಸಿ ನೋಡೋಣ. ಹೊರುವುದೋ ಇಲ್ಲವೋ ಎಂಬುದನ್ನು ನೀವೇ ತೀರ್ಮಾನಿಸಿರಿ.

ಒಗಟು ಇದು. ದೊಡ್ಡ ಹಡಗಿಗೆ ಆಳವಾದ ನೀರು ಬೇಕು. ಅದು ದಡಕ್ಕೆ ಬಂದು ನಿಲ್ಲಬೇಕಾದರೆ ಬಂದರು ಬೇಕು, ಕಟ್ಟೆ ಬೇಕು, ಭಾರ ಎತ್ತುವ ಯಂತ್ರಗಳು ಬೇಕು. ಆದರೆ ಯುದ್ಧವಾಗಲಿ ನೆರೆಯಾಗಲಿ ಬಂದರನ್ನು ನೋಡಿಕೊಂಡು ಬರುವುದಿಲ್ಲ. ಬಂದರು ವೈರಿಯ ಕೈಯಲ್ಲಿರಬಹುದು, ಇಲ್ಲವೆ ತೆರೆಗಳ ಹೊಡೆತಕ್ಕೆ ಮುರಿದು ಬಿದ್ದಿರಬಹುದು. ಆಗ ನೂರಾರು ಜನರನ್ನೂ ಬಂಡಿಗಳನ್ನೂ ಬರಿಯ ಮರಳಿನ ದಡದ ಮೇಲೆ ಇಳಿಸುವುದು ಹೇಗೆ? ನಮ್ಮ ಹರಿಗೋಲಿಗೆ ಈ ಚಿಂತೆಯಿಲ್ಲ. ಅದರ ತಳ ಚಪ್ಪಟೆ, ನೀರಿನಲ್ಲಿ ಮುಳುಗುವ ಭಾಗ ಗೇಣುದ್ದ. ಬಂಡೆಯ ಪಕ್ಕದಲ್ಲಿಯೂ ಕೆಸರಿನಲ್ಲಿಯೂ ಅದು ನಿಲ್ಲುತ್ತದೆ. ಆದರೆ ಹರಿಗೋಲು ಕಡಲನ್ನು ದಾಟಲಾರದು. ಕಡಲನ್ನು ದಾಟುವ ಹಡಗು ದಡವನ್ನು ಮುಟ್ಟಲಾರದು, ದಡವನ್ನು ಮುಟ್ಟುವ ದೋಣಿ ಕಡಲನ್ನು ದಾಟಲಾರದು. ಇದೇ ತೊಡಕು.

ಎರಡನೆಯ ಮಹಾಯುದ್ಧದಲ್ಲಿ ಇದಕ್ಕೆ ಒಂದು ಪರಿಹಾರವನ್ನು ಕಂಡುಕೊಂಡರು. ಚಪ್ಪಟೆ ತಳದ ಹಡಗನ್ನು ಕಟ್ಟಿ, ಅದರ ಮೂತಿಗೆ ಬಾಗಿಲನ್ನಿಟ್ಟು, ನೇರವಾಗಿ ಮರಳಿನ ಮೇಲೆ ನುಗ್ಗಿಸುವುದು. ಬಾಗಿಲು ತೆರೆದರೆ ಟ್ಯಾಂಕುಗಳು ಉರುಳಿಕೊಂಡು ದಡಕ್ಕಿಳಿಯುತ್ತವೆ. ೧೯೪೪ರ ಜೂನಿನಲ್ಲಿ ನಾರ್ಮಂಡಿಯ ದಡದಲ್ಲಿ ಇಂಥ ಹಡಗುಗಳು ಬಹಳ ಕೆಲಸಕ್ಕೆ ಬಂದವು. ಸ್ವತಂತ್ರ ಭಾರತದ ನೌಕಾಪಡೆಯೂ ೧೯೪೯ರಲ್ಲಿ ಬ್ರಿಟಿಷರಿಂದ ಇಂಥದೊಂದು ಹಡಗನ್ನು ಪಡೆದು ಅದಕ್ಕೆ ‘ಮಗರ್’ ಎಂದು ಹೆಸರಿಟ್ಟಿತು. ನೀರಿನಲ್ಲಿಯೂ ನೆಲದ ಮೇಲೂ ಬದುಕುವ ಮೊಸಳೆಯ ಹೆಸರು ಅದಕ್ಕೆ ಒಪ್ಪುವಂಥದೇ.

ಆದರೆ ಈ ಪರಿಹಾರಕ್ಕೂ ಒಂದು ಕೊರತೆಯುಂಟು. ೧೯೭೧ರ ಡಿಸೆಂಬರಿನಲ್ಲಿ, ಬಾಂಗ್ಲಾ ವಿಮೋಚನೆಯ ಯುದ್ಧ ಮುಗಿಯುತ್ತ ಬಂದಿದ್ದಾಗ, ನಮ್ಮ ಸೈನಿಕರನ್ನು ಕಾಕ್ಸ್ ಬಜಾರಿನ ಹತ್ತಿರ ಇಳಿಸಲು ‘ಘರಿಯಾಲ್’, ‘ಗುಲ್ದಾರ್’ ಎಂಬ ಹಡಗುಗಳು ಹೋದವು. ದಡಕ್ಕೆ ಮುನ್ನವೇ ಮರಳದಿಬ್ಬ ಅಡ್ಡ ಬಂದಿತು. ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಎಣಿಸಿದುದಕ್ಕಿಂತ ಆಳವಾಗಿದ್ದಿತು. ಬೆನ್ನ ಮೇಲೆ ಹೊರೆ ಹೊತ್ತು ಇಳಿದ ಗೂರ್ಖಾ ಯೋಧರಲ್ಲಿ ಕೆಲವರು ವೈರಿಯ ಗುಂಡಿಗಲ್ಲ, ನೀರಿಗೆ ಬಲಿಯಾದರು. ಮಳೆಗಾಲದ ಹೊಳೆಯಲ್ಲಿ ‘ಮೊಣಕಾಲುದ್ದ’ ಎಂದು ಕಾಲಿಟ್ಟು ಮಡುವಿಗೆ ಬಿದ್ದವರ ಕಥೆಗಳನ್ನು ಬಲ್ಲ ನಮಗೆ ಈ ದುಃಖವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಪರಿಹಾರವಿದೆ. ದೊಡ್ಡ ಹಡಗು ದಡಕ್ಕೆ ಹೋಗುವುದೇ ಬೇಡ. ಅದು ಆಳದ ನೀರಿನಲ್ಲಿಯೇ ನಿಂತು, ತನ್ನ ಹೊಟ್ಟೆಯಲ್ಲಿ ಹೊತ್ತು ತಂದ ಚಪ್ಪಟೆ ದೋಣಿಗಳನ್ನು ಹೊರಗೆ ಬಿಡಲಿ. ತಾಯಿ ಕಡಲನ್ನು ದಾಟಲಿ, ಮರಿಗಳು ದಡವನ್ನು ಮುಟ್ಟಲಿ. ನಮ್ಮ ನೌಕಾಪಡೆಯ ‘ಜಲಾಶ್ವ’ ಈ ಜಾತಿಯ ಹಡಗು. ಜಲಾಶ್ವವೆಂದರೆ ಕನ್ನಡದಲ್ಲಿ ನೀರ್ಗುದುರೆ.

ಅದರ ರಚನೆಯನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಮನೆಯ ಹಂಡೆಯ ನೀರಿನಲ್ಲಿ ಹಿತ್ತಾಳೆಯ ತಂಬಿಗೆಯನ್ನು ತೇಲಬಿಡಿರಿ. ಅದರೊಳಗೆ ಸ್ವಲ್ಪ ನೀರು ಹೊಯ್ದರೆ ತಂಬಿಗೆ ಒಂದು ಬೆರಳಷ್ಟು ಕೆಳಗಿಳಿಯುತ್ತದೆ, ಆದರೆ ಮುಳುಗುವುದಿಲ್ಲ. ಆ ನೀರನ್ನು ಚೆಲ್ಲಿದರೆ ಮತ್ತೆ ಮೇಲೇಳುತ್ತದೆ. ಜಲಾಶ್ವದ ಒಡಲಿನಲ್ಲಿ ಇದೇ ತತ್ತ್ವದ ಮೇಲೆ ದೊಡ್ಡ ದೊಡ್ಡ ತೊಟ್ಟಿಗಳನ್ನು ಕಟ್ಟಿದ್ದಾರೆ. ದೋಣಿಗಳನ್ನು ಹೊರಬಿಡಬೇಕಾದಾಗ ಆ ತೊಟ್ಟಿಗಳಿಗೆ ಸಮುದ್ರದ ನೀರನ್ನು ತುಂಬಿಸುತ್ತಾರೆ. ಹಡಗಿನ ಹಿಂಭಾಗವು ಮೆಲ್ಲನೆ ಕೆಳಗಿಳಿಯುತ್ತದೆ. ಹಿಂಬದಿಯಲ್ಲಿರುವ ಭಾರಿ ಬಾಗಿಲನ್ನು ತೆರೆದಾಗ ಕಡಲಿನ ನೀರು ಒಳಗಿನ ಅಂಗಳಕ್ಕೆ ನುಗ್ಗುತ್ತದೆ. ಅಲ್ಲಿಯ ತನಕ ಒಣನೆಲದ ಮೇಲೆ ಕುಳಿತಂತಿದ್ದ ದೋಣಿಗಳು ತಾವಾಗಿ ತೇಲತೊಡಗಿ ಹೊರಕ್ಕೆ ಸಾಗುತ್ತವೆ. ಕೆಲಸ ಮುಗಿದ ಮೇಲೆ ತೊಟ್ಟಿಗಳನ್ನು ಬರಿದುಮಾಡುತ್ತಾರೆ. ಹಡಗು ಮೇಲೇಳುತ್ತದೆ, ಅಂಗಳ ಒಣಗುತ್ತದೆ. ಹಡಗಿನ ಹೊಟ್ಟೆಯಲ್ಲಿ ಬೇಕೆಂದಾಗ ಕೆರೆ, ಬೇಡವೆಂದಾಗ ಕಣ!

ಈ ಅಂಗಳದಲ್ಲಿ ನಾಲ್ಕು ದೊಡ್ಡ ಇಳಿದೋಣಿಗಳು ಹಿಡಿಯುತ್ತವೆ. ಅವುಗಳಲ್ಲಿ ಒಂದೊಂದೂ ಒಂದು ಟ್ಯಾಂಕನ್ನಾಗಲಿ ನೂರಕ್ಕೂ ಹೆಚ್ಚು ಜನರನ್ನಾಗಲಿ ದಡಕ್ಕೆ ಒಯ್ಯಬಲ್ಲುದು. ಅಂಗಳದ ಮೇಲುಗಡೆ ಹೆಲಿಕಾಪ್ಟರುಗಳು ಇಳಿಯಲು ವಿಶಾಲವಾದ ಅಟ್ಟವಿದೆ. ಆದುದರಿಂದ ತೆರೆಗಳು ದೋಣಿಯನ್ನು ಬಿಡದಿದ್ದರೂ ಆಕಾಶದ ದಾರಿ ತೆರೆದಿರುತ್ತದೆ. ಸುಮಾರು ಸಾವಿರ ಸೈನಿಕರಿಗೆ ವಾಸಸ್ಥಳವಿದೆ. ನಾಲ್ಕು ಶಸ್ತ್ರಚಿಕಿತ್ಸೆಯ ಕೋಣೆಗಳು, ಹನ್ನೆರಡು ಹಾಸಿಗೆಗಳ ಆಸ್ಪತ್ರೆ, ಪರೀಕ್ಷಾಲಯ, ದಂತವೈದ್ಯರ ಕೋಣೆ ಇವೆಲ್ಲ ಇವೆ. ಹಡಗಿನ ಉದ್ದ ಸುಮಾರು ೧೭೩ ಮೀಟರು, ಅಗಲ ಸುಮಾರು ೩೦ ಮೀಟರು. ತುಂಬಿದ ಭಾರದಲ್ಲಿ ಅದು ಸರಿಸುವ ನೀರಿನ ತೂಕ ಹೆಚ್ಚುಕಡಮೆ ೧೭,೦೦೦ ಟನ್ನು. ಅದರ ತಳ ಸುಮಾರು ೭ ಮೀಟರು ಆಳಕ್ಕೆ ಇಳಿದಿರುತ್ತದೆ. ಅದಕ್ಕೇ ಮರಿದೋಣಿಗಳ ಅಗತ್ಯ. ಬಾಯ್ಲರುಗಳ ಉಗಿಯಿಂದ ತಿರುಗುವ ಎರಡು ಟರ್ಬೈನುಗಳು ಎರಡು ಚಾಲಕಚಕ್ರಗಳನ್ನು ತಿರುಗಿಸುತ್ತವೆ. ವೇಗ ಗಂಟೆಗೆ ಸುಮಾರು ೨೦ ನಾಟು, ಎಂದರೆ ೩೭ ಕಿಲೋಮೀಟರು.

ಗದ್ವಾಲದ ಸೀರೆಯನ್ನು ನೇಯುವವರು ಈ ಸಭೆಯಲ್ಲಿದ್ದರೆ ಅವರಿಗೆ ಇದು ಬೇಗ ತಿಳಿಯುತ್ತದೆ. ಒಡಲು ಹತ್ತಿಯದು, ಅಂಚೂ ಸೆರಗೂ ರೇಷ್ಮೆಯವು. ಗುಣ ಬೇರೆಯಾದ ನೂಲುಗಳನ್ನು ಬಿಚ್ಚಿಹೋಗದಂತೆ ಹೆಣೆಯುವುದರಲ್ಲಿಯೇ ನೇಕಾರನ ಜಾಣ್ಮೆ. ಸೈನಿಕರ ಸಾಗಣೆಯ ಹಡಗು, ದೋಣಿಗಳ ಕಟ್ಟೆ, ಹೆಲಿಕಾಪ್ಟರಿನ ನಿಲ್ದಾಣ, ಆಸ್ಪತ್ರೆ ಇವು ನಾಲ್ಕನ್ನೂ ಒಂದೇ ಒಡಲಿನಲ್ಲಿ ಹೆಣೆದುದು ಜಲಾಶ್ವ.

ಇನ್ನು ಅದರ ಬಾಳಿನ ಕಥೆ. ಈ ನೀರ್ಗುದುರೆ ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಅಮೆರಿಕದ ಸಿಯಾಟಲ್ ನಗರದ ಹಡಗುಕಟ್ಟೆಯಲ್ಲಿ ೧೯೬೬ರಲ್ಲಿ ಅದರ ಕೆಲಸ ಮೊದಲಾಯಿತು. ೧೯೬೮ರ ಆಗಸ್ಟಿನಲ್ಲಿ ನೀರಿಗಿಳಿಯಿತು. ೧೯೭೧ರ ಮಾರ್ಚ್ ೬ರಂದು ‘ಟ್ರೆಂಟನ್’ ಎಂಬ ಹೆಸರಿನಿಂದ ಅಮೆರಿಕದ ನೌಕಾಪಡೆಯನ್ನು ಸೇರಿತು. ಕಾಕ್ಸ್ ಬಜಾರಿನಲ್ಲಿ ನಮ್ಮ ಯೋಧರು ಆಳದ ನೀರಿಗೆ ಸಿಕ್ಕಿದ ವರ್ಷವೇ, ಆ ತೊಡಕಿಗೆ ಉತ್ತರವಾದ ಹಡಗೊಂದು ಭೂಮಿಯ ಇನ್ನೊಂದು ಕಡೆ ಕೆಲಸಕ್ಕೆ ತೊಡಗಿತ್ತು.

ಮೂವತ್ತೈದು ವರ್ಷಕ್ಕೂ ಮಿಕ್ಕ ಆ ಸೇವೆಯಲ್ಲಿ ಎರಡು ಬಗೆಯ ಕೆಲಸಗಳು ಕಾಣುತ್ತವೆ. ೧೯೮೮ರ ಏಪ್ರಿಲಿನಲ್ಲಿ ಪರ್ಷಿಯಾದ ಕೊಲ್ಲಿಯಲ್ಲಿ ಇರಾನಿನ ವಿರುದ್ಧ ಅಮೆರಿಕ ನಡೆಸಿದ ಕಾಳಗದಲ್ಲಿ ಅದು ಭಾಗವಹಿಸಿತು. ಇದು ಕತ್ತಿಯ ಕೆಲಸ. ೧೯೯೧ರ ಜನವರಿಯಲ್ಲಿ ಸೊಮಾಲಿಯಾದ ಮೊಗದಿಶು ನಗರವು ಅಂತರ್ಯುದ್ಧದಿಂದ ಉರಿಯುತ್ತಿದ್ದಾಗ ಮಾಡಿದುದು ಬೇರೆಯ ಕೆಲಸ. ಅಲ್ಲಿಯ ರಾಯಭಾರ ಕಚೇರಿಯಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ‘ಟ್ರೆಂಟನ್’, ‘ಗ್ವಾಮ್’ ಎಂಬ ಎರಡು ಹಡಗುಗಳು ಧಾವಿಸಿದವು. ಹಡಗು ಮುಟ್ಟುವ ತನಕ ಕಾಯಲು ಸಮಯವಿರಲಿಲ್ಲ. ಎಂಟುನೂರು ಕಿಲೋಮೀಟರಿಗೂ ದೂರದಿಂದಲೇ, ಜನವರಿ ೫ರ ನಸುಕಿನಲ್ಲಿ, ಟ್ರೆಂಟನ್ನಿನ ಅಟ್ಟದಿಂದ ಎರಡು ದೊಡ್ಡ ಹೆಲಿಕಾಪ್ಟರುಗಳು ಹಾರಿದವು. ನಡುದಾರಿಯಲ್ಲಿ ಆಕಾಶದಲ್ಲಿಯೇ ಇಂಧನ ತುಂಬಿಸಿಕೊಂಡು ನಗರವನ್ನು ಸೇರಿದವು. ಆ ಕಾರ್ಯದಲ್ಲಿ ಒಟ್ಟು ೩೦ ದೇಶಗಳ ೨೮೧ ಜನ ಬದುಕಿ ಹೊರಬಂದರು. ೨೦೦೬ರ ಜುಲೈಯಲ್ಲಿ ಲೆಬನಾನಿನಲ್ಲಿ ಯುದ್ಧ ಹತ್ತಿದಾಗ ಬೈರೂತಿನಿಂದ ತನ್ನ ದೇಶದ ಜನರನ್ನು ಒಂದೇ ಸಲಕ್ಕೆ ಸಾವಿರಕ್ಕೂ ಮಿಕ್ಕಿ ಹೊತ್ತು ತಂದಿತು. ಅದೇ ದಿನಗಳಲ್ಲಿ ‘ಮುಂಬಯಿ’ ಮೊದಲಾದ ನಮ್ಮ ನೌಕೆಗಳೂ ಬೈರೂತಿನಿಂದ ಭಾರತೀಯರನ್ನೂ ನೆರೆಯ ದೇಶಗಳವರನ್ನೂ ಕರೆತರುತ್ತಿದ್ದುವು.

ಈ ನಡುವೆ, ೨೦೦೪ರ ಡಿಸೆಂಬರ್ ೨೬ರಂದು ಸುನಾಮಿ ಬಂದಿತು. ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ಹಡಗುಕಟ್ಟೆಗಳೇ ಕೊಚ್ಚಿಹೋದವು. ಅಕ್ಕಿ, ಔಷಧ, ಕುಡಿಯುವ ನೀರು ಹೊತ್ತ ಹಡಗುಗಳಿಗೆ ಅವನ್ನು ಇಳಿಸುವ ಸ್ಥಳವಿಲ್ಲದಂತಾಯಿತು. ರೇವಿಲ್ಲದ ದಡಕ್ಕೆ ದೊಡ್ಡ ಹೊರೆಯನ್ನು ಮುಟ್ಟಿಸುವ ಹಡಗು ಬೇಕೆಂಬ ಮಾತು ಆಗ ಬಲವಾಯಿತು. ೨೦೦೭ರ ಜನವರಿ ೧೭ರಂದು ಟ್ರೆಂಟನ್ ಅಮೆರಿಕದ ಸೇವೆಯನ್ನು ಮುಗಿಸಿ ಭಾರತದ ಕೈಸೇರಿತು. ಅದೇ ವರ್ಷ ಜೂನ್ ೨೨ರಂದು ಅಮೆರಿಕದ ನಾರ್ಫೋಕಿನಲ್ಲಿ ‘ಜಲಾಶ್ವ’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿ, ಆಮೇಲೆ ವಿಶಾಖಪಟ್ಟಣಕ್ಕೆ ಬಂದು ನಮ್ಮ ಪೂರ್ವ ನೌಕಾವಲಯದಲ್ಲಿ ನೆಲೆಗೊಂಡಿತು. ಆಗ ನಮ್ಮ ನೌಕಾಪಡೆಯ ಯುದ್ಧನೌಕೆಗಳಲ್ಲಿ ಗಾತ್ರದಲ್ಲಿ ‘ವಿರಾಟ್’ ವಿಮಾನವಾಹಕವನ್ನು ಬಿಟ್ಟರೆ ಇದೇ ದೊಡ್ಡದು. ಹಡಗಿನ ಬೆಲೆ ಸುಮಾರು ೪ ಕೋಟಿ ೮೦ ಲಕ್ಷ ಡಾಲರು. ಇದರೊಂದಿಗೆ ಕೊಂಡ ಆರು ಹೆಲಿಕಾಪ್ಟರುಗಳ ಬೆಲೆ ಬೇರೆ. ಆ ಹೆಲಿಕಾಪ್ಟರುಗಳು ೨೦೨೪ರ ಜೂನಿನಲ್ಲಿ ನಿವೃತ್ತಿ ಹೊಂದಿದವು.

ಹಳೆಯ ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸಿ ನೋಡುವುದು ನಮ್ಮ ರೈತರ ಪದ್ಧತಿ. ಈ ಹಡಗಿನ ಹಲ್ಲನ್ನು ಸರಿಯಾಗಿ ಎಣಿಸಲಿಲ್ಲವೆಂದು ೨೦೦೮ರಲ್ಲಿ ಮಹಾಲೇಖಪಾಲರ ವರದಿ ಆಕ್ಷೇಪಿಸಿತು. ಮಾರಿದ ದೇಶವು ಹಡಗಿನ ಬಳಕೆಯ ಮೇಲೆ ವಿಧಿಸಿದ ಷರತ್ತುಗಳನ್ನೂ ಅದು ಟೀಕಿಸಿತು. ಪ್ರಜೆಗಳ ಹಣದ ಲೆಕ್ಕವನ್ನು ಕೇಳುವುದು ಪ್ರಜಾರಾಜ್ಯದ ಧರ್ಮ. ಆದುದರಿಂದ ಹಡಗನ್ನು ಹೊಗಳಲು ಬಂದ ನಾನು ಈ ಮಾತನ್ನು ಮುಚ್ಚಿಡಲಾರೆ. ನೌಕಾಪಡೆಗೂ ಒಂದು ಉತ್ತರವಿದ್ದಿತು: ಹೊಸ ಹಡಗನ್ನು ಕಟ್ಟಲು ಹಲವು ವರ್ಷಗಳು ಬೇಕು, ಬೆಲೆಯೂ ಹಲವು ಪಟ್ಟು, ಇಂಥ ಹಡಗನ್ನು ನಡೆಸುವ ವಿದ್ಯೆಯನ್ನು ಅಷ್ಟರೊಳಗೆ ಕಲಿಯಬೇಕಲ್ಲವೆ? ಎರಡು ಮಾತಿನಲ್ಲಿಯೂ ತಥ್ಯವಿದೆ.

ಕಲಿಯುವ ಆ ದಾರಿಯಲ್ಲಿ ಒಂದು ದೊಡ್ಡ ಬೆಲೆಯನ್ನೂ ತೆರಬೇಕಾಯಿತು. ೨೦೦೮ರ ಫೆಬ್ರವರಿ ೧ರಂದು ಜಲಾಶ್ವದ ಒಳಗಿನ ಕೋಣೆಯೊಂದರಲ್ಲಿ ವಿಷವಾಯು ಹಬ್ಬಿ ಐದು ಜನ ನಾವಿಕರು ಪ್ರಾಣಬಿಟ್ಟರು. ಯುದ್ಧವಿರಲಿಲ್ಲ, ಬಿರುಗಾಳಿಯಿರಲಿಲ್ಲ. ನಮ್ಮಲ್ಲಿ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡಿ, ಆಮೇಲೆ ಮನುಷ್ಯನನ್ನು ಇಳಿಸುತ್ತಿದ್ದರು. ಹಡಗಿನ ಹಗೇವುಗಳು ನೂರಾರು. ಎಲ್ಲ ಅನಿಲಗಳನ್ನೂ ದೀಪ ತೋರಿಸಲಾರದು. ಮೂಗೂ ಒಮ್ಮೊಮ್ಮೆ ಮೋಸಹೋಗುತ್ತದೆ. ಮುಚ್ಚಿದ ಜಾಗಕ್ಕೆ ಪರೀಕ್ಷಿಸದೆ ಇಳಿಯಬಾರದೆಂಬ ಪಾಠ ಹಡಗಿಗೂ ಹೌದು, ನಮ್ಮೂರಿನ ಹಾಳುಬಾವಿಗೂ ಹೌದು, ಪಟ್ಟಣದ ಒಳಚರಂಡಿಗೂ ಹೌದು. ಆ ಐವರನ್ನು ನೆನೆಯದೆ ಈ ಹಡಗಿನ ಕಥೆಯನ್ನು ಹೇಳುವುದು ಉಚಿತವಲ್ಲ.

ಆ ಮೇಲಿನ ವರ್ಷಗಳಲ್ಲಿ ಜಲಾಶ್ವವು ತನ್ನ ಹೆಸರನ್ನು ಉಳಿಸಿಕೊಂಡಿತು. ೨೦೧೧ರಲ್ಲಿ ಲಿಬಿಯಾ ದೇಶದಲ್ಲಿ ದಂಗೆಯೆದ್ದಾಗ ಅಲ್ಲಿದ್ದ ಭಾರತೀಯರನ್ನು ಕರೆತರಲು ಜಲಾಶ್ವ ಮುಂಬಯಿಯಿಂದ ಹೊರಟಿತು. ಅದರ ಜೊತೆಯಲ್ಲಿ ಹೊರಟ ಯುದ್ಧನೌಕೆಯ ಹೆಸರು ‘ಮೈಸೂರು’ ಎಂದರೆ ಕನ್ನಡಿಗರಿಗೆ ಸಂತೋಷವಾಗದೆ ಇರದು. ಹೆಚ್ಚಿನವರು ವಿಮಾನಗಳಲ್ಲಿಯೂ ಬಾಡಿಗೆಯ ಹಡಗುಗಳಲ್ಲಿಯೂ ಬಂದರು. ಉಳಿದವರಲ್ಲಿ ಒಂದು ಗುಂಪನ್ನು ಜಲಾಶ್ವ ತ್ರಿಪೋಲಿಯಿಂದ ಹತ್ತಿಸಿಕೊಂಡಿತು. ೨೦೧೯ರ ನವೆಂಬರಿನಲ್ಲಿ, ಒಮ್ಮೆ ತನ್ನ ತವರಾಗಿದ್ದ ಅಮೆರಿಕದ ನೌಕಾಪಡೆಯೊಡನೆ, ನಮ್ಮ ನೆರೆಯ ಕಾಕಿನಾಡದ ಕಡಲತೀರದಲ್ಲಿ ಆಪತ್ತಿನ ನೆರವಿನ ಅಭ್ಯಾಸವನ್ನು ನಡೆಸಿತು.

ಬಳಿಕ ೨೦೨೦ ಬಂದಿತು. ಆ ವರ್ಷವನ್ನು ನಮ್ಮ ಸೀಮೆ ಮರೆಯುವಂತಿಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ನಮ್ಮಲ್ಲಿ ಹಳೆಯ ಮಾತು. ‘ಪಾಲಮೂರು ಕೂಲಿ’ ಎಂಬ ಹೆಸರೇ ದೇಶದಲ್ಲೆಲ್ಲ ಹಬ್ಬಿದೆ. ದೇಶದ ಅಣೆಕಟ್ಟು, ಕಾಲುವೆ, ಕಟ್ಟಡಗಳಲ್ಲಿ ನಮ್ಮವರ ಬೆವರಿದೆ. ಮುಂಬಯಿ ಪುಣೆಗಳಿಗೆ, ಕೊಲ್ಲಿಯ ದೇಶಗಳಿಗೆ ಹೋದವರಿದ್ದಾರೆ. ಕೋವಿಡ್ ಬೇನೆಯಿಂದ ದಾರಿಗಳೆಲ್ಲ ಮುಚ್ಚಿದಾಗ, ದೂರದಲ್ಲಿ ಸಿಕ್ಕಿಬಿದ್ದ ಮಗನ ದೂರವಾಣಿಯ ಕರೆಗಾಗಿ ರಾತ್ರಿಯೆಲ್ಲ ಎದ್ದು ಕುಳಿತ ತಾಯಂದಿರು ನಮ್ಮ ಊರುಗಳಲ್ಲಿಯೂ ಇದ್ದರು. ‘ಊರು ಸೇರಿದರೆ ಸಾಕು’ ಎಂಬ ಮಾತಿನ ತೂಕ ಅಂದು ಎಲ್ಲರಿಗೂ ತಿಳಿಯಿತು.

ಆ ಮೇ ತಿಂಗಳಲ್ಲಿ ‘ಸಮುದ್ರ ಸೇತು’ ಎಂಬ ಕಾರ್ಯ ಆರಂಭವಾಯಿತು. ವಿಮಾನಗಳು ನಿಂತಿದ್ದುವು. ಜಲಾಶ್ವವು ಮಾಲ್ಡೀವ್ಸ್ ದೇಶದ ಮಾಲೆ ನಗರಕ್ಕೆ ಹೋಗಿ ೬೯೮ ಜನರನ್ನು ಹತ್ತಿಸಿಕೊಂಡು ಮೇ ೧೦ರಂದು ಕೊಚ್ಚಿಯನ್ನು ಮುಟ್ಟಿತು. ಅವರಲ್ಲಿ ೧೯ ಮಂದಿ ಬಸುರಿಯರಿದ್ದರು. ಸೈನಿಕರಿಗಾಗಿ ಮಾಡಿದ ಹಾಸಿಗೆಗಳ ಮೇಲೆ ತುಂಬುಬಸುರಿಯರು, ಕೂಸುಗಳು, ಕೆಲಸ ಕಳೆದುಕೊಂಡ ಕೂಲಿಗಳು ಮಲಗಿ ಬಂದರು. ಆಮೇಲೆ ಮತ್ತೊಮ್ಮೆ ಮಾಲೆಗೆ, ಕೊಲಂಬೊಗೆ, ಇರಾನಿನ ಬಂದರ್ ಅಬ್ಬಾಸಿಗೆ ಹೋಗಿ ಬಂದಿತು. ಜಲಾಶ್ವ, ಮಗರ್, ಐರಾವತ, ಶಾರ್ದೂಲ ಈ ನಾಲ್ಕು ಹಡಗುಗಳು ಐವತ್ತೈದು ದಿನಗಳಲ್ಲಿ ಒಟ್ಟು ೩,೯೯೨ ಜನರನ್ನು ಊರು ಸೇರಿಸಿದವು. ಇಲ್ಲಿ ಹೇಳಿದ ಮಗರ್ ಮೊದಲಿನದಲ್ಲ. ಕಲ್ಕತ್ತೆಯಲ್ಲಿ ಕಟ್ಟಿ ೧೯೮೭ರಲ್ಲಿ ಸೇವೆಗೆ ಸೇರಿದ, ಅದೇ ಹೆಸರಿನ ಇನ್ನೊಂದು. ಅದು ೨೦೨೩ರ ಮೇ ತಿಂಗಳಲ್ಲಿ ಗೌರವದಿಂದ ನಿವೃತ್ತವಾಯಿತು. ೨೦೨೧ರ ಮೇ ತಿಂಗಳಲ್ಲಿ ದೇಶದಲ್ಲಿ ಆಮ್ಲಜನಕಕ್ಕೆ ಹಾಹಾಕಾರವೆದ್ದಾಗ ಜಲಾಶ್ವವು ಹೊರದೇಶದಿಂದ ಆಮ್ಲಜನಕದ ಪಾತ್ರೆಗಳನ್ನು ಹೊತ್ತು ತಂದಿತು.

ಮೊಗದಿಶು, ಬೈರೂತು, ತ್ರಿಪೋಲಿ, ಮಾಲೆ: ಈ ಪಟ್ಟಿಯನ್ನು ನೋಡಿದರೆ ನನಗೆ ತೋರುವುದಿಷ್ಟು. ಜನರನ್ನು ದಡಕ್ಕಿಳಿಸಿ ಯುದ್ಧಮಾಡಿಸಲು ಕಟ್ಟಿದ ಹಡಗು, ಜನರನ್ನು ದಡದಿಂದ ಎತ್ತಿಕೊಂಡು ಮನೆಗೆ ತಂದುದರಿಂದಲೇ ಹೆಚ್ಚು ಹೆಸರಾಯಿತು. ಎರಡಕ್ಕೂ ಬಾಗಿಲು ಒಂದೇ. ಹೊರಗೆ ಬಿಡಲು ತೆರೆಯುವ ಬಾಗಿಲನ್ನೇ ಒಳಗೆ ಕರೆದುಕೊಳ್ಳಲು ತೆರೆಯುತ್ತಾರೆ. ಯಾವುದಕ್ಕೆ ತೆರೆಯಬೇಕೆಂಬುದನ್ನು ನಿರ್ಧರಿಸುವವನು ಮನುಷ್ಯ.

ಹಡಗಿಗೆ ಈಗ ಐವತ್ತು ದಾಟಿದೆ. ಇಂಥ ಹಡಗುಗಳನ್ನು ನಮ್ಮ ದೇಶದಲ್ಲಿಯೇ ಕಟ್ಟಬೇಕೆಂಬ ಆಲೋಚನೆ ಬಹುಕಾಲದಿಂದ ನಡೆದಿದೆ. ಅವನ್ನು ಕಟ್ಟುವವರು ಎಲ್ಲಿಂದ ಬರಬೇಕು? ಕಡಲತೀರದ ಮಕ್ಕಳೇ ಬರಬೇಕೆಂಬ ನಿಯಮವಿಲ್ಲ. ಕೃಷ್ಣೆಯ ದಂಡೆಯಲ್ಲಿ ತಂಬಿಗೆಯನ್ನು ತೇಲಿಸಿ ‘ಇದೇಕೆ ಮುಳುಗಲಿಲ್ಲ?’ ಎಂದು ಕೇಳುವ ಹುಡುಗಿಯೂ ಬರಬಹುದು. ಅವಳು ಆ ಪ್ರಶ್ನೆಯನ್ನು ಮೊದಲು ಕೇಳುವುದು ತಾಯ್ನುಡಿಯಲ್ಲಿ. ಅದಕ್ಕೆ ತಾಯ್ನುಡಿಯಲ್ಲಿಯೇ ಉತ್ತರ ಸಿಕ್ಕಿದರೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ‘ಅದೆಲ್ಲ ನಿನ್ನ ಭಾಷೆಯಲ್ಲಿಲ್ಲ’ ಎಂದುಬಿಟ್ಟರೆ ಮೊದಲನೆಯದೂ ಸಾಯುತ್ತದೆ. ಮುಂದೆ ಅವಳು ತೆಲುಗನ್ನೂ ಇಂಗ್ಲಿಷನ್ನೂ ಕಲಿಯಲಿ, ಅವಶ್ಯವಾಗಿ ಕಲಿಯಲಿ. ದಡದಿಂದ ದಡಕ್ಕೆ ಹೋಗಲು ಅವು ಬೇಕು. ಆದರೆ ದೋಣಿಗಳಿಗೆ ತಾಯಿಹಡಗು ಒಂದಿರಬೇಕು.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಎಲ್ಲೆಗಳನ್ನು ತಿದ್ದಿ ಬರೆದಾಗ ಗದ್ವಾಲವು ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಮಹಬೂಬನಗರವನ್ನು ಸೇರಿತು. ರಾಯಚೂರು ಅತ್ತ ಮೈಸೂರು ರಾಜ್ಯಕ್ಕೆ ಹೋಯಿತು. ನಾರಾಯಣಪೇಟೆ, ಮಕ್ತಲಗಳು ಇತ್ತಲೇ ಉಳಿದವು. ಅಂದಿನಿಂದ ನಾವು ಎರಡು ನುಡಿಗಳ ನಡುವೆ ಬಾಳುತ್ತ ಬಂದವರು. ಇದನ್ನು ಕೆಲವರು ಕೊರತೆಯೆಂದು ಎಣಿಸುತ್ತಾರೆ. ನೀರಿನಲ್ಲಿಯೂ ನೆಲದಲ್ಲಿಯೂ ನಡೆಯುವುದನ್ನು ಕಲಿತ ಜೀವಿಗೆ ಅದು ಕೊರತೆಯಲ್ಲ, ಶಕ್ತಿ.

ನನ್ನ ಮಾತು ದೀರ್ಘವಾಯಿತು. ಹದಿನೇಳು ಸಾವಿರ ಟನ್ನಿನ ಹೊರೆಯನ್ನು ಇಷ್ಟು ಹೊತ್ತು ತಾಳ್ಮೆಯಿಂದ ಹೊತ್ತವರು ನೀವು. ಕನ್ನಡವೂ ಹೊತ್ತಿತೆಂದು ನಿಮಗೆ ತೋರಿದ್ದರೆ ನನ್ನ ಶ್ರಮ ಸಾರ್ಥಕ.